ಹೂವು ಎಷ್ಟು ದಿನ ಕಾಯಬೇಕು?

ಕೆಲವು ದಿನಗಳಿಂದ ಬೆಳಗಾಗುತ್ತಲೇ ಭೂತಗನ್ನಡಿ ಹಿಡಿದು ಸೂರ್ಯಕಾಂತಿಯ ಒಂದೇ ತೆನೆಯ ಮುಂದೆ ಕೂರುತ್ತಿದ್ದೇನೆ. ನಾವು ಅದನ್ನು ಒಂದು ಹೂವೆಂದು ಕರೆದರೂ ಅದು ನೂರಾರು ಕಿರುಹೂಗಳ ಸಂತೆ. ಅಂಚಿನಲ್ಲಿ ಎಸಳಿನಂತೆ ಕಾಣುವ ಹಳದಿ ಪಟ್ಟಿಗಳು ಒಂದೊಂದೂ ಬೀಜ ಕಟ್ಟದ ಹೂ. ಬೀಜ ಕಟ್ಟುವ ಹೂಗಳು ನಡುವಿನ ತಟ್ಟೆಯಲ್ಲಿ ಒತ್ತೊತ್ತಾಗಿ ನಿಂತು, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ದಿನವೂ ಒಂದಿಷ್ಟು ಅರಳುತ್ತ ಹೋಗುತ್ತವೆ. ಆದ್ದರಿಂದ ಒಂದೇ ತೆನೆಯಲ್ಲಿ ಕಿರುಹೂವಿನ ಬದುಕಿನ ಎಲ್ಲ ದಿನಗಳೂ ಅಕ್ಕಪಕ್ಕದಲ್ಲೇ ಕಾಣಸಿಗುತ್ತವೆ.

ಅರಳಿದ ಮೊದಲ ದಿನ ಕಿರುಹೂವಿನ ಐದು ಕೇಸರಗಳ ಪರಾಗಕೋಶಗಳು ಅಂಚಿಗೆ ಅಂಚು ಬೆಸೆದುಕೊಂಡು ಕಪ್ಪುಗಂದು ಬಣ್ಣದ ಕೊಳವೆಯಾಗಿರುತ್ತವೆ. ಪರಾಗ ಆ ಕೊಳವೆಯ ಒಳಗೇ ಉದುರುತ್ತದೆ. ಕೆಳಗಿನಿಂದ ಮೇಲೇರುವ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಪಿಚಕಾರಿಯ ದಂಡದಂತೆ ಆ ಪರಾಗವನ್ನು ಹೊರಕ್ಕೆ ದೂಡುತ್ತದೆ. ಆ ಹೊತ್ತಿನಲ್ಲಿ ಶಲಾಕೆಯ ತುದಿಯ ಎರಡು ಹೋಳುಗಳು ಕೈಮುಗಿದಂತೆ ಮುಚ್ಚಿಕೊಂಡಿರುತ್ತವೆ. ಪರಾಗವನ್ನು ಸ್ವೀಕರಿಸುವ ಒಳಮೈ ಹೊರಗೆ ಕಾಣುವುದೇ ಇಲ್ಲ. ಅಂದು ಆ ಹೂವು ಕೊಡುವ ಗಂಡು ಮಾತ್ರ. ಮರುದಿನ ಹೋಳುಗಳು ಬಿಚ್ಚಿಕೊಳ್ಳುತ್ತವೆ, ಹೂವು ಹೆಣ್ಣಾಗುತ್ತದೆ, ಬೇರೆ ಗಿಡದ ಪರಾಗ ಹೊತ್ತು ತರುವ ಜೇನುನೊಣಕ್ಕಾಗಿ ಕಾಯುತ್ತದೆ. ಯಾರೂ ಬಾರದೆ ಹೋದರೆ ಆ ಹೋಳುಗಳು ಇನ್ನಷ್ಟು ಹೊರಳಿ, ಟಗರಿನ ಕೊಂಬಿನಂತೆ ಸುರುಳಿಯಾಗಿ, ತಮ್ಮದೇ ಹೂವಿನಲ್ಲಿ ಅಂಟಿ ಉಳಿದಿರುವ ಪರಾಗವನ್ನು ಮುಟ್ಟುವಷ್ಟು ಬಾಗುತ್ತವೆ.

ಕಾಡು ಸೂರ್ಯಕಾಂತಿಯಲ್ಲಿ ಈ ಸ್ಪರ್ಶದಿಂದ ಸಾಮಾನ್ಯವಾಗಿ ಬೀಜವಾಗುವುದಿಲ್ಲ. ಅದು ತನ್ನ ಪರಾಗವನ್ನು ಗುರುತಿಸಿ ನಿರಾಕರಿಸುತ್ತದೆ. ಹೊಲದಲ್ಲಿ ಬೆಳೆಯುವ ಎಷ್ಟೋ ತಳಿಗಳು ಆ ನಿರಾಕರಣೆಯನ್ನು ಕಳೆದುಕೊಂಡಿವೆ, ಏಕೆಂದರೆ ಜೇನುನೊಣ ಬಾರದಿದ್ದರೂ ಕಾಳು ಕಟ್ಟುವ ಗಿಡಗಳನ್ನೇ ಮನುಷ್ಯರು ಆರಿಸುತ್ತ ಬಂದರು. ಪರರಿಗಾಗಿ ಎಷ್ಟು ಕಾಯಬೇಕು, ಯಾವ ಗಳಿಗೆಯಲ್ಲಿ ತನ್ನನ್ನೇ ನೆಚ್ಚಿಕೊಳ್ಳಬೇಕು ಎಂಬ ಪ್ರಶ್ನೆ ಈ ಒಂದು ಸುರುಳಿಯಲ್ಲಿ ಅಡಗಿದೆ. ಹೂಬಿಡುವ ಸಸ್ಯಗಳ ಸಂತಾನ ತಂತ್ರಗಳ ಬಗ್ಗೆ ಓದುತ್ತ, ನೋಡುತ್ತ ಹೋದಂತೆ, ಅವುಗಳ ಬಣ್ಣ, ಆಕಾರ, ಪರಿಮಳಗಳ ಹಿಂದೆ ಮತ್ತೆ ಮತ್ತೆ ನನಗೆ ಕಂಡದ್ದು ಇದೇ ಪ್ರಶ್ನೆ. ಗಿಡ ಯೋಚಿಸಿ ನಿರ್ಧರಿಸುವುದಿಲ್ಲ ನಿಜ. ಒಂದೊಂದು ತಲೆಮಾರಿನಲ್ಲಿ ಯಾವ ಗಿಡಗಳ ಬೀಜ ಉಳಿಯಿತು, ಯಾವುದರದು ಉಳಿಯಲಿಲ್ಲ ಎಂಬ ಲೆಕ್ಕವೇ ಅಲ್ಲಿ ನಿರ್ಧಾರದ ಕೆಲಸ ಮಾಡುತ್ತದೆ.

ಬೇರೂರಿ ನಿಂತ ಜೀವಿ ಸಂಗಾತಿಯ ಬಳಿಗೆ ನಡೆದುಹೋಗಲಾರದು ಎಂಬ ಸರಳ ಸಂಗತಿ ಈ ಕಥೆಯ ಬುಡದಲ್ಲಿದೆ. ಹಾವಸೆ ಮತ್ತು ಜರೀಗಿಡಗಳ ಪುರುಷಾಣುಗಳು ಇಂದಿಗೂ ನೀರಿನ ತೆಳುಪದರದಲ್ಲಿ ಈಜಿಯೇ ಅಂಡಾಣುವನ್ನು ತಲುಪಬೇಕು. ಪರಾಗದ ಕಣ ಹುಟ್ಟಿದ ಮೇಲೆ ನೀರಿನ ಹಂಗು ತಪ್ಪಿತು. ಪೈನ್ ಜಾತಿಯ ಮರಗಳು ಗಾಳಿಗೆ ಪರಾಗ ತೂರಿ ಬದುಕಿದವು. ಹೂಬಿಡುವ ಸಸ್ಯಗಳ ಪರಾಗ ಸುಮಾರು 13 ಕೋಟಿ ವರ್ಷಗಳಷ್ಟು ಹಳೆಯ ಶಿಲೆಗಳಲ್ಲಿ ಸಿಗತೊಡಗುತ್ತದೆ, ಅಲ್ಲಿಂದ ಮುಂದೆ ಅವುಗಳ ವೈವಿಧ್ಯ ಬಹು ವೇಗದಲ್ಲಿ ಹೆಚ್ಚುತ್ತದೆ. 1879ರಲ್ಲಿ ಚಾರ್ಲ್ಸ್ ಡಾರ್ವಿನ್ ಗೆಳೆಯ ಜೋಸೆಫ್ ಹೂಕರ್‌ಗೆ ಬರೆದ ಪತ್ರದಲ್ಲಿ ಈ ವೇಗವನ್ನು ಅಸಹನೀಯ ರಹಸ್ಯವೆಂದು ಕರೆದರು. ಇಂದು ಹೂಬಿಡುವ ಸಸ್ಯಗಳ ಪ್ರಭೇದಗಳು ಸುಮಾರು 3 ಲಕ್ಷ.

ಈ ಗುಂಪು ತಂದ ಹೊಸತುಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಎಸಳು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಮುಚ್ಚಿದ ಅಂಡಾಶಯ. ಪೈನ್ ಮರದಲ್ಲಿ ಪರಾಗವು ನೇರವಾಗಿ ಅಂಡಕದ, ಅಂದರೆ ಮುಂದೆ ಬೀಜವಾಗುವ ಭಾಗದ, ಬಾಯಿಗೇ ಬಂದು ಬೀಳುತ್ತದೆ. ಹೂವಿನಲ್ಲಿ ಅಂಡಕಗಳು ಗೋಡೆಯೊಳಗಿವೆ. ಪರಾಗವು ಶಲಾಕೆಯ ತುದಿಗಿಳಿದು, ನಳಿಕೆ ಬೆಳೆಸಿಕೊಂಡು, ತಾಯಿಯ ಅಂಗಾಂಶವನ್ನು ಹಾದು ಒಳಗೆ ಹೋಗಬೇಕು. ಮೆಕ್ಕೆಜೋಳದ ತೆನೆಯ ತುದಿಯಲ್ಲಿ ಜೋತಾಡುವ ರೇಷ್ಮೆಯ ಒಂದೊಂದು ಎಳೆಯೂ ಒಂದೊಂದು ಕಾಳಿನ ಶಲಾಕೆ. ಅಲ್ಲಿ ಪರಾಗನಳಿಕೆ ಒಂದು ಗೇಣಿನಷ್ಟು ದೂರ ಸಾಗಬೇಕಾಗಬಹುದು. ಗೋಡೆ ಎದ್ದ ಮೇಲೆ ಬಾಗಿಲು ಬಂತು, ಬಾಗಿಲು ಬಂದ ಮೇಲೆ ಒಳಬರುವವರನ್ನು ವಿಚಾರಿಸುವ ಅವಕಾಶವೂ ಬಂತು.

ವಿಚಾರಿಸುವ ಅಗತ್ಯ ಬಿದ್ದದ್ದು ಇನ್ನೊಂದು ಕಾರಣದಿಂದ. ಹೂಬಿಡುವ ಸಸ್ಯಗಳಲ್ಲಿ ಬಹುಪಾಲಿನವು ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡನ್ನೂ ಇಟ್ಟುಕೊಂಡಿವೆ. ಪೂರ್ವಜ ಹೂವೂ ಹಾಗೆಯೇ ಇದ್ದಿರಬೇಕು ಎಂಬುದಕ್ಕೆ ನ್ಯೂ ಕ್ಯಾಲೆಡೋನಿಯ ದ್ವೀಪದ ಆಂಬೊರೆಲ್ಲ ಒಂದು ಸುಳಿವು ಕೊಡುತ್ತದೆ. ಮಿಕ್ಕೆಲ್ಲ ಹೂಬಿಡುವ ಸಸ್ಯಗಳಿಂದ ಮೊದಲೇ ಕವಲೊಡೆದ ಈ ಪೊದೆಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಆದರೆ ಅದರ ಹೆಣ್ಣು ಹೂವಿನಲ್ಲಿ ಪರಾಗ ಕೊಡದ ಬರಡು ಕೇಸರಗಳು ಇನ್ನೂ ನಿಂತಿವೆ. ಗಂಡು ಹೆಣ್ಣು ಒಂದೇ ಮನೆಯಲ್ಲಿದ್ದರೆ ಒಂದು ಸಲದ ದುಂಬಿಯ ಭೇಟಿಯಲ್ಲೇ ಕೊಡುವುದು, ಪಡೆಯುವುದು ಎರಡೂ ಮುಗಿಯುತ್ತದೆ. ಜೊತೆಗೆ ತನ್ನ ಪರಾಗ ತನಗೇ ಬೀಳುವ ಅಪಾಯವೂ ಬೆನ್ನಿಗೇ ಬರುತ್ತದೆ.

ಅದು ಅಪಾಯವೇಕೆ ಎಂಬುದನ್ನು ಡಾರ್ವಿನ್ 11 ವರ್ಷ ಕೈಯಿಂದ ಪರಾಗ ಹಚ್ಚಿ, ಬೀಜ ಬಿತ್ತಿ, ಗಿಡಗಳನ್ನು ಅಳೆದು ನೋಡಿದರು. 57 ಪ್ರಭೇದಗಳ ಫಲಿತಾಂಶ 1876ರಲ್ಲಿ ಪ್ರಕಟವಾಯಿತು. ಮಾರ್ನಿಂಗ್ ಗ್ಲೋರಿ ಬಳ್ಳಿಯನ್ನು ಅವರು 10 ತಲೆಮಾರುಗಳವರೆಗೆ ಬೆಳೆಸಿದ್ದರು. ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಬಳ್ಳಿಗಳ ಎತ್ತರವನ್ನು 100 ಎಂದಿಟ್ಟುಕೊಂಡರೆ, ಸ್ವಕೀಯ ಪರಾಗಸ್ಪರ್ಶದವುಗಳ ಸರಾಸರಿ ಎತ್ತರ 77. ಸೋದರ ಸಂಬಂಧಿಯನ್ನು ಮದುವೆಯಾಗಿ, ಮಕ್ಕಳ ಅನಾರೋಗ್ಯದಿಂದ ಕೊರಗುತ್ತಿದ್ದ ಮನುಷ್ಯ ಈ ಅಂಕಿಗಳನ್ನು ಯಾವ ಭಾವದಿಂದ ಬರೆದುಕೊಂಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದೇ ಪ್ರಯೋಗದ ಆರನೆಯ ತಲೆಮಾರಿನಲ್ಲಿ ಸ್ವಕೀಯ ಸಾಲಿನ ಒಂದು ಬಳ್ಳಿ ತನ್ನ ಎದುರಾಳಿಯನ್ನು ಅರ್ಧ ಅಂಗುಲದಿಂದ ಮೀರಿಸಿತು. ಡಾರ್ವಿನ್ ಅದಕ್ಕೆ ‘ಹೀರೋ’ ಎಂದು ಹೆಸರಿಟ್ಟು ಅದರ ಸಂತತಿಯನ್ನೂ ಬೆಳೆಸಿ ನೋಡಿದರು. ಅವೂ ಬಲವಾಗಿಯೇ ಬೆಳೆದವು. ನಿಯಮದ ಜೊತೆಗೆ ಅಪವಾದವನ್ನೂ ಇಷ್ಟು ಪ್ರೀತಿಯಿಂದ ದಾಖಲಿಸಿದ್ದು ನನಗೆ ಆ ಗ್ರಂಥದ ಅತ್ಯಂತ ಅಮೂಲ್ಯ ಭಾಗ. ಹೀರೋ ಏಕೆ ಮುಖ್ಯ ಎಂಬುದಕ್ಕೆ ಮುಂದೆ ಬರುತ್ತೇನೆ.

ತನ್ನ ಪರಾಗವನ್ನು ತಪ್ಪಿಸುವ ಉಪಾಯಗಳಲ್ಲಿ ಕಾಲದ ಉಪಾಯ ಒಂದು. ನೈದಿಲೆ ಮೊದಲ ದಿನ ಹೆಣ್ಣಾಗಿ ಅರಳುತ್ತದೆ, ನಂತರದ ದಿನಗಳಲ್ಲಿ ಗಂಡಾಗುತ್ತದೆ. ಸೂರ್ಯಕಾಂತಿಗೆ ನೇರ ತಿರುವುಮುರುವು. ಬೆಣ್ಣೆಹಣ್ಣಿನ ಮರದ ಹೂವು ಎರಡು ಸಲ ಅರಳುತ್ತದೆ, ಒಮ್ಮೆ ಹೆಣ್ಣಾಗಿ, ಮುಚ್ಚಿಕೊಂಡು ಮತ್ತೆ ಗಂಡಾಗಿ. ಕೆಲವು ಮರಗಳು ಬೆಳಗ್ಗೆ ಹೆಣ್ಣಾದರೆ ಇನ್ನು ಕೆಲವು ಮಧ್ಯಾಹ್ನ ಹೆಣ್ಣಾಗುವುದರಿಂದ ಎರಡೂ ಬಗೆಯ ಮರಗಳು ಪರಸ್ಪರ ಪೂರಕವಾಗುತ್ತವೆ. ಸ್ಥಳದ ಉಪಾಯ ಇನ್ನೊಂದು. ಪ್ರಿಮ್ರೋಸ್ ಗಿಡಗಳಲ್ಲಿ ಕೆಲವು ಉದ್ದ ಶಲಾಕೆ ಮತ್ತು ಕೆಳಗೆ ಕುಳಿತ ಕೇಸರಗಳ ಹೂ ಬಿಡುತ್ತವೆ, ಉಳಿದವು ಗಿಡ್ಡ ಶಲಾಕೆ ಮತ್ತು ಎತ್ತರದ ಕೇಸರಗಳ ಹೂ ಬಿಡುತ್ತವೆ. ಕೀಟದ ಮೈಯ ಯಾವ ಭಾಗಕ್ಕೆ ಒಂದು ಬಗೆಯ ಹೂವಿನ ಪರಾಗ ಅಂಟುತ್ತದೆಯೋ, ಅದೇ ಭಾಗ ಇನ್ನೊಂದು ಬಗೆಯ ಹೂವಿನ ಶಲಾಕೆಯ ತುದಿಗೆ ತಾಗುತ್ತದೆ. ಈ ಏರ್ಪಾಡು ಕನಿಷ್ಠ 28 ಸಸ್ಯ ಕುಟುಂಬಗಳಲ್ಲಿ ಕಾಣಸಿಗುತ್ತದೆ.

ಆದರೆ ಅತ್ಯಂತ ಸೂಕ್ಷ್ಮವಾದದ್ದು ರಸಾಯನದ ಉಪಾಯ. ಹೂಬಿಡುವ ಪ್ರಭೇದಗಳಲ್ಲಿ ಸುಮಾರು ಅರ್ಧದಷ್ಟು ತಮ್ಮ ಪರಾಗವನ್ನು ಗುರುತು ಹಿಡಿದು ತಡೆಯಬಲ್ಲವು. ಸಾಸಿವೆಯ ಕುಟುಂಬದಲ್ಲಿ ವಿಚಾರಣೆ ಹೊಸ್ತಿಲಲ್ಲೇ ನಡೆಯುತ್ತದೆ: ಪರಾಗದ ಮೈಮೇಲಿನ ಪ್ರೋಟೀನು ಶಲಾಕಾಗ್ರದ ಗ್ರಾಹಕಕ್ಕೆ ಕೀಲಿಯಂತೆ ಕೂತರೆ, ಅದು ತನ್ನದೇ ಎಂದು ತಿಳಿದು ಪರಾಗ ಮೊಳೆಯದಂತೆ ತಡೆಯಲಾಗುತ್ತದೆ. ತಂಬಾಕು, ಪೆಟೂನಿಯಗಳ ಕುಟುಂಬದಲ್ಲಿ ಪರಾಗನಳಿಕೆಯನ್ನು ಒಳಗೆ ಬಿಟ್ಟುಕೊಂಡು, ಅರ್ಧದಾರಿಯಲ್ಲಿ ಅದರ ಆರ್‌ಎನ್‌ಎಯನ್ನು ತುಂಡರಿಸುವ ಕಿಣ್ವದಿಂದ ಕೊಲ್ಲಲಾಗುತ್ತದೆ. ಪರಕೀಯ ಪರಾಗದ ಬಳಿ ಮಾತ್ರ ಆ ವಿಷಕ್ಕೆ ಮದ್ದು ಇರುತ್ತದೆ. ಎರಡು ವ್ಯವಸ್ಥೆಗಳೂ ಬೇರೆ ಬೇರೆಯಾಗಿ ವಿಕಾಸಗೊಂಡವು, ತಲುಪಿದ್ದು ಮಾತ್ರ ಒಂದೇ ಕಡೆ. ಗುರುತಿನ ಜೀನಿನಲ್ಲಿ ಅಪರೂಪದ ರೂಪವಿರುವ ಗಿಡಕ್ಕೆ ಬಹುತೇಕ ಎಲ್ಲ ಗಿಡಗಳೂ ಸಂಗಾತಿಯಾಗಬಲ್ಲವಾದ್ದರಿಂದ, ಅಪರೂಪದ ರೂಪಗಳು ಅಳಿಯದೆ ಬಹುಕಾಲ ಉಳಿಯುತ್ತವೆ. ಎಷ್ಟು ಕಾಲವೆಂದರೆ, ಪೆಟೂನಿಯದ ಒಂದು ರೂಪವು ಪೆಟೂನಿಯದ್ದೇ ಇನ್ನೊಂದು ರೂಪಕ್ಕಿಂತ ತಂಬಾಕಿನ ಒಂದು ರೂಪವನ್ನು ಹೆಚ್ಚು ಹೋಲುವುದುಂಟು. ಈ ಎರಡು ಸಸ್ಯಗಳು ಬೇರೆಯಾಗುವ ಮುಂಚಿನಿಂದಲೂ ಆ ಗುರುತುಗಳು ಕೈಯಿಂದ ಕೈಗೆ ದಾಟುತ್ತ ಬಂದಿವೆ.

ಇಷ್ಟೆಲ್ಲ ತಡೆಗೋಡೆ ಕಟ್ಟಿದ ಮೇಲೆ ಹೂವು ಪೂರ್ತಿ ಪರಾವಲಂಬಿ. ಆ ಅವಲಂಬನೆ ಯಾವ ಮಟ್ಟಕ್ಕೆ ಹೋಗಬಲ್ಲದು ಎಂಬುದನ್ನು ನಾನು ಎಕ್ಕದ ಹೂವಿನಲ್ಲಿ ಕಂಡೆ. ಅದರ ನಡುವೆ ಐದು ಮೂಲೆಯ ಗಟ್ಟಿ ಕಿರೀಟವಿದೆ; ಕೇಸರ ಮತ್ತು ಶಲಾಕಾಗ್ರ ಬೇರೆ ಬೇರೆಯಾಗಿ ಉಳಿಯದೆ ಒಂದಾಗಿ ಬೆಸೆದಿವೆ. ಎರಡು ಪರಾಗಕೋಶಗಳ ನಡುವಿನ ಸೀಳಿನ ಮೇಲ್ತುದಿಯಲ್ಲಿ ಕಡುಗಂದು ಚುಕ್ಕೆಯೊಂದು ಕಾಣುತ್ತದೆ. ಸೂಜಿಯ ಮೊನೆಯನ್ನು ಆ ಸೀಳಿನಲ್ಲಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಎಳೆದೆ. ಚುಕ್ಕೆಯು ಚಿಮುಟದಂತೆ ಸೂಜಿಯನ್ನು ಕಚ್ಚಿತು, ಅದರೊಡನೆ ತೆಳುವಾದ ಎರಡು ತೋಳುಗಳಲ್ಲಿ ನೇತಾಡುವ ಮೇಣದಂಥ ಎರಡು ಹಳದಿ ಚೀಲಗಳು ಹೊರಬಂದವು. ಒಂದೊಂದು ಚೀಲದಲ್ಲೂ ಒಂದು ಪರಾಗಕೋಶದ ಅರ್ಧಭಾಗದ ಇಡೀ ಪರಾಗರಾಶಿ. ಮಕರಂದಕ್ಕೆ ಬಂದ ಬಡಗಿ ದುಂಬಿಯ ಕಾಲು ಸೀಳಿನಲ್ಲಿ ಜಾರಿದಾಗ ಆಗುವುದೂ ಇದೇ. ಮುಂದಿನ ಹೂವಿನ ಸೀಳಿಗೆ ಆ ಚೀಲ ಸರಿಯಾಗಿ ಸಿಕ್ಕಿಕೊಂಡರೆ, ಒಂದು ಕಾಯಿಯ ಎಲ್ಲ ಬೀಜಗಳಿಗೂ ಒಂದೇ ತಂದೆ ಆಗುವ ಸಾಧ್ಯತೆ ಇರುತ್ತದೆ. ಇರುವ ಪರಾಗವನ್ನೆಲ್ಲ ಕೆಲವೇ ಗಂಟುಗಳಲ್ಲಿ ಕಟ್ಟಿ, ಬಲವಾದ ಒಂದು ಕೀಟದ ಕಾಲಿಗೆ ಸಿಕ್ಕಿಸುವ ಈ ಧೈರ್ಯ ನನ್ನನ್ನು ಬಹಳ ಹೊತ್ತು ಅಲ್ಲೇ ನಿಲ್ಲಿಸಿತು.

ಆರ್ಕಿಡ್‌ಗಳೂ ಪರಾಗವನ್ನು ಹೀಗೆಯೇ ಗಂಟು ಕಟ್ಟುತ್ತವೆ, ಆದರೆ ಅವುಗಳಲ್ಲಿ ಹಲವು ಪ್ರತಿಯಾಗಿ ಏನನ್ನೂ ಕೊಡುವುದಿಲ್ಲ. ಆಸ್ಟ್ರೇಲಿಯದ ಎಡಿತ್ ಕೋಲ್ಮನ್ 1927ರಲ್ಲಿ ವರದಿ ಮಾಡಿದಂತೆ, ಅಲ್ಲಿನ ಒಂದು ಆರ್ಕಿಡ್‌ಗೆ ಬರುವ ಗಂಡು ಕಣಜಗಳು ಆ ಹೂವನ್ನು ಹೆಣ್ಣು ಕಣಜವೆಂದು ನಂಬಿ ಕೂಡಲು ಯತ್ನಿಸುತ್ತವೆ. ಹೂವಿನ ವಾಸನೆಯೇ ಆ ಮೋಸದ ಮುಖ್ಯ ಸಾಧನ. ಸಹಕಾರ ಎಂಬ ಮಾತನ್ನು ಹೂವಿನ ಬಗ್ಗೆ ಸಲೀಸಾಗಿ ಬಳಸುವವರು ಈ ಕಣಜವನ್ನೂ ನೆನಪಿಡಬೇಕು.

ಇನ್ನು ಎದುರು ದಾರಿ. 1941ರಲ್ಲಿ ರೊನಾಲ್ಡ್ ಫಿಶರ್ ಒಂದು ಸರಳ ಲೆಕ್ಕ ಮುಂದಿಟ್ಟರು. ಪರಕೀಯ ಪರಾಗಸ್ಪರ್ಶದ ಗಿಡವು ತನ್ನ ಬೀಜಗಳಿಗೆ ತಾಯಿಯಾಗಿ ಒಂದು ಪಾಲು ಜೀನುಗಳನ್ನು, ಬೇರೆಯವುಗಳ ಬೀಜಗಳಿಗೆ ತಂದೆಯಾಗಿ ಇನ್ನೊಂದು ಪಾಲನ್ನು ದಾಟಿಸುತ್ತದೆ, ಒಟ್ಟು ಎರಡು. ತನ್ನ ಬೀಜಗಳಿಗೆ ತಾನೇ ತಂದೆಯೂ ಆಗಿ, ಉಳಿದ ಪರಾಗವನ್ನು ಎಂದಿನಂತೆ ಹೊರಗೂ ಕಳಿಸುವ ಗಿಡಕ್ಕೆ ಮೂರು ಪಾಲು. ಆದ್ದರಿಂದ ಸ್ವಕೀಯ ಸಂತಾನದ ಕಸುವು ಪರಕೀಯ ಸಂತಾನದ ಅರ್ಧಕ್ಕಿಂತ ಕೆಳಗಿಳಿಯದಿದ್ದರೆ, ಸ್ವಾವಲಂಬನೆಯೇ ಹರಡಬೇಕು. ಡಾರ್ವಿನ್ ಅಳೆದ ದೌರ್ಬಲ್ಯ ಮತ್ತು ಫಿಶರ್ ಲೆಕ್ಕಹಾಕಿದ ಲಾಭ ಇವೆರಡರ ತೂಗಾಟದಲ್ಲಿ ಹೂಗಳ ಬದುಕು ಸಾಗಿದೆ. ಹೀರೋ ಮುಖ್ಯವಾಗುವುದು ಇಲ್ಲಿ: ತಲೆಮಾರುಗಟ್ಟಲೆ ಸ್ವಕೀಯವಾಗಿ ನಡೆದರೆ ಮರೆಯಲ್ಲಿದ್ದ ಹಾನಿಕಾರಕ ಜೀನುಗಳು ಬಯಲಿಗೆ ಬಂದು, ಅವನ್ನು ಹೊತ್ತ ಗಿಡಗಳು ಅಳಿದು, ಉಳಿದ ಸಾಲು ಒಂದಿಷ್ಟು ಶುದ್ಧವಾಗಬಹುದು. ಇದರ ಜೊತೆಗೆ ಒಂಟಿತನದ ಪ್ರಶ್ನೆಯೂ ಇದೆ. ದೂರದ ದ್ವೀಪಕ್ಕೆ ತೇಲಿಹೋದ ಒಂದೇ ಬೀಜ ಅಲ್ಲಿ ವಂಶ ಕಟ್ಟಬೇಕಾದರೆ ಅದು ತನಗೆ ತಾನೇ ಸಾಕಾಗುವಂತಿರಬೇಕು; 1955ರಲ್ಲಿ ಹರ್ಬರ್ಟ್ ಬೇಕರ್ ಹೇಳಿದ್ದು ಇದನ್ನೇ.

ಸ್ವಾವಲಂಬನೆಗೆ ತಿರುಗಿದ ಹೂವನ್ನು ನೋಡಿದೊಡನೆ ಗುರುತಿಸಬಹುದು. ಎಸಳು ಚಿಕ್ಕದಾಗುತ್ತದೆ, ಮಕರಂದ ಬತ್ತುತ್ತದೆ, ಪರಿಮಳ ಹೋಗುತ್ತದೆ, ಕೇಸರ ಮತ್ತು ಶಲಾಕಾಗ್ರ ಹತ್ತಿರ ಬರುತ್ತವೆ. ಟೊಮೆಟೊದ ಕಾಡು ಸಂಬಂಧಿಗಳಲ್ಲಿ ಹಲವಕ್ಕೆ ಶಲಾಕಾಗ್ರ ಪರಾಗಕೋಶಗಳ ಶಂಕುವಿನಿಂದ ಹೊರಚಾಚಿದ್ದರೆ, ಕೃಷಿಯ ಟೊಮೆಟೊದಲ್ಲಿ ಅದು ಒಳಗೇ ಉಳಿದಿದೆ. ಪರಾಗದ ದುಂದುವೆಚ್ಚವೂ ನಿಲ್ಲುತ್ತದೆ. ರಾಬರ್ಟ್ ಕ್ರೂಡನ್ 1977ರಲ್ಲಿ ಎಣಿಸಿ ತೋರಿಸಿದಂತೆ, ಪರರನ್ನೇ ನೆಚ್ಚಿದ ಹೂಗಳಲ್ಲಿ ಒಂದು ಅಂಡಕಕ್ಕೆ ಸರಾಸರಿ ಸುಮಾರು 6000 ಪರಾಗ ಕಣಗಳಿದ್ದರೆ, ಅರಳದೆಯೇ ಮೊಗ್ಗಿನೊಳಗೆ ಬೀಜ ಕಟ್ಟುವ ಹೂಗಳಲ್ಲಿ ಸುಮಾರು 5 ಮಾತ್ರ. ವಯೊಲಾ ಗಿಡಗಳು ಎರಡನ್ನೂ ಇಟ್ಟುಕೊಂಡಿವೆ: ಒಂದು ಕಾಲದಲ್ಲಿ ಬಣ್ಣದ ಹೂ ಬಿಟ್ಟು ದುಂಬಿಗಳನ್ನು ಕರೆಯುತ್ತವೆ, ಇನ್ನೊಂದು ಕಾಲದಲ್ಲಿ ಎಂದೂ ತೆರೆಯದ ಹಸಿರು ಮೊಗ್ಗುಗಳಲ್ಲಿ ಸದ್ದಿಲ್ಲದೆ ಬೀಜ ಕಟ್ಟುತ್ತವೆ.

ಪರಾಗವೇ ಬೇಡವೆಂದವೂ ಇವೆ. ಬಟಾಣಿಯಲ್ಲಿ ಆನುವಂಶಿಕತೆಯ ನಿಯಮ ಕಂಡುಕೊಂಡ ಮೆಂಡೆಲ್, ಅದನ್ನೇ ಹಾಕ್‌ವೀಡ್ ಎಂಬ ಗಿಡದಲ್ಲಿ ಪರೀಕ್ಷಿಸಲು ಹೋಗಿ ಸೋತರು. ಮಿಶ್ರತಳಿಯ ಮುಂದಿನ ತಲೆಮಾರು ಬೇರೆ ಬೇರೆಯಾಗಿ ಒಡೆಯುವ ಬದಲು ತಾಯಿಯ ಅಚ್ಚಿನಂತೆಯೇ ಬಂತು. ಆ ಗಿಡ ಬಹುತೇಕ ನಿಷೇಚನವಿಲ್ಲದೆಯೇ ಬೀಜ ಕಟ್ಟುತ್ತದೆ ಎಂಬುದು ತಿಳಿದದ್ದು 1884ರಲ್ಲಿ ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ. ಡ್ಯಾಂಡೆಲಿಯನ್ ಕೂಡ ಹೆಚ್ಚಾಗಿ ಹೀಗೆಯೇ; ಆದರೂ ಹಳದಿ ಹೂ ಬಿಡುವುದನ್ನು, ಮಕರಂದ ಸುರಿಸುವುದನ್ನು ಅದಿನ್ನೂ ಬಿಟ್ಟಿಲ್ಲ. ಗಂಡು ಹೆಣ್ಣನ್ನು ಬೇರೆ ಬೇರೆ ಗಿಡಗಳಿಗೆ ಹಂಚಿದವು ಇನ್ನೊಂದು ಕೊನೆಯಲ್ಲಿವೆ, ಒಟ್ಟು ಪ್ರಭೇದಗಳಲ್ಲಿ ಸುಮಾರು 6 ಪ್ರತಿಶತ. ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ, ದ್ವಿಲಿಂಗಿ ಗಿಡ ಮೂರೂ ಸಿಗುವುದು ಆ ಹಂಚಿಕೆ ಎಷ್ಟು ಸಡಿಲವೆಂಬುದನ್ನು ತೋರಿಸುತ್ತದೆ.

ಪರರಿಂದ ಸ್ವಂತಕ್ಕೆ ಬರುವ ದಾರಿ ಇಳಿಜಾರು, ಹಿಂದಕ್ಕೆ ಹೋಗುವುದು ಏರು. ತನ್ನನ್ನು ಗುರುತಿಸುವ ಯಂತ್ರ ಕೆಡಲು ಒಂದು ಜೀನು ಹಾಳಾದರೆ ಸಾಕು. ಸಾಸಿವೆಯ ಬಂಧುವಾದ ಅರಬಿಡಾಪ್ಸಿಸ್ ಗಿಡದ ಹಲವು ಯುರೋಪಿಯನ್ ಬಗೆಗಳಲ್ಲಿ ಪರಾಗದ ಗುರುತಿನ ಜೀನಿನ ಸಣ್ಣ ತುಣುಕೊಂದು ತಲೆಕೆಳಗಾಗಿ ಕೂತಿದೆ. 2010ರಲ್ಲಿ ವಿಜ್ಞಾನಿಗಳು ಆ ತುಣುಕನ್ನು ನೇರಗೊಳಿಸಿ ಗಿಡಕ್ಕೆ ಸೇರಿಸಿದಾಗ, ಮರೆತುಹೋಗಿದ್ದ ನಿರಾಕರಣೆ ಮರಳಿ ಬಂತು. ಪ್ರಕೃತಿಯಲ್ಲಿ ಹಾಗೆ ರಿಪೇರಿಯಾಗುವುದು ಬಹಳ ಅಪರೂಪ. ಲೆಡ್ಯಾರ್ಡ್ ಸ್ಟೆಬ್ಬಿನ್ಸ್ 1957ರಲ್ಲಿ ಸ್ವಕೀಯ ಸಸ್ಯಗಳ ವಿಕಾಸ ಮುಂದೆ ಹೋಗದೆ ನಿಂತುಬಿಡುತ್ತದೆ ಎಂಬ ವಾದ ಮಂಡಿಸಿದರು. ಬದನೆ, ಟೊಮೆಟೊಗಳ ಕುಟುಂಬದ ವಂಶವೃಕ್ಷವನ್ನು ಪರಿಶೀಲಿಸಿ 2010ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನ ಆ ಮಾತಿಗೆ ಹೊಸ ಅರ್ಥ ಕೊಟ್ಟಿತು: ನಿರಾಕರಣೆ ಕಳೆದುಕೊಂಡ ಸಾಲುಗಳು ಹೊಸ ಪ್ರಭೇದಗಳನ್ನು ಬೇಗ ಬೇಗ ಹುಟ್ಟಿಸುತ್ತವೆ, ಆದರೆ ಅದಕ್ಕಿಂತ ಬೇಗ ಅಳಿಯುತ್ತವೆ. ಒಂದೊಂದು ಗಿಡದ ಲೆಕ್ಕದಲ್ಲಿ ಗೆಲ್ಲುವುದು ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಸೋಲಬಹುದು. ಕಾಯುವ ಹೂಗಳು ಇಂದಿಗೂ ಇಷ್ಟೊಂದು ಉಳಿದಿರುವುದಕ್ಕೆ ನಾನು ಓದಿದವುಗಳಲ್ಲಿ ಇದೇ ಅತ್ಯಂತ ಮನಸ್ಸಿಗೆ ಒಪ್ಪುವ ವಿವರಣೆ.

ಒಳಗೆ ಬಂದ ಪರಾಗಕ್ಕೂ ಕೊನೆಯ ಒಂದು ಶರತ್ತಿದೆ. ಪರಾಗನಳಿಕೆ ಎರಡು ಪುರುಷಾಣುಗಳನ್ನು ತರುತ್ತದೆ. ಒಂದು ಅಂಡಾಣುವನ್ನು ಕೂಡಿ ಭ್ರೂಣವಾಗುತ್ತದೆ, ಇನ್ನೊಂದು ನಡುವಿನ ಕೋಶವನ್ನು ಕೂಡಿ ಭ್ರೂಣದ ಆಹಾರವಾಗುತ್ತದೆ. ಸೆರ್ಗೆಯ್ ನವಾಶಿನ್ 1898ರಲ್ಲಿ ಲಿಲ್ಲಿಯ ಕುಟುಂಬದಲ್ಲಿ ಕಂಡ ಈ ದ್ವಿನಿಷೇಚನದಿಂದಾಗಿಯೇ ಭತ್ತ, ಗೋಧಿ, ಜೋಳಗಳ ಕಾಳು ತುಂಬುವುದು. ಪೈನ್ ಮರ ನಿಷೇಚನಕ್ಕೆ ಮುಂಚೆಯೇ ಅಂಡಕದಲ್ಲಿ ಆಹಾರ ಕೂಡಿಡುತ್ತದೆ, ನಿಷೇಚನವಾಗದಿದ್ದರೆ ಅಂಥ ಖರ್ಚೆಲ್ಲ ವ್ಯರ್ಥ. ಹೂವು ಮಾತ್ರ ಮಗು ಹುಟ್ಟುವುದು ಖಚಿತವಾಗುವ ತನಕ ಉಗ್ರಾಣದ ಬಾಗಿಲು ತೆರೆಯುವುದಿಲ್ಲ.

ಇವೆಲ್ಲ ಕೋಟಿ ವರ್ಷಗಳ ಮಾತೆಂದು ನಾನು ಬಹುಕಾಲ ಅಂದುಕೊಂಡಿದ್ದೆ. ಪ್ಯಾರಿಸ್ ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಕಾಡು ಪ್ಯಾನ್ಸಿಯ ಮೇಲಿನ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. 20ರಿಂದ 30 ವರ್ಷಗಳ ಹಿಂದೆ ಸಂಗ್ರಹಿಸಿಟ್ಟಿದ್ದ ಬೀಜಗಳನ್ನೂ ಅದೇ ಜಾಗಗಳಿಂದ ಈಗ ತಂದ ಬೀಜಗಳ ಸಂತತಿಯನ್ನೂ ಒಟ್ಟಿಗೆ ಬೆಳೆಸಿ ಹೋಲಿಸಿದಾಗ, ಇಂದಿನ ಹೂಗಳು ಸುಮಾರು 10 ಪ್ರತಿಶತ ಚಿಕ್ಕವಾಗಿದ್ದವು, ಅವುಗಳ ಮಕರಂದ ಸುಮಾರು 20 ಪ್ರತಿಶತ ಕಡಿಮೆಯಾಗಿತ್ತು, ಹೊಲಗಳಲ್ಲಿನ ಸ್ವಕೀಯ ಪರಾಗಸ್ಪರ್ಶದ ಪ್ರಮಾಣ ಹೆಚ್ಚಿತ್ತು. ಕೀಟಗಳು ವಿರಳವಾಗುತ್ತಿರುವ ಹೊಲದಲ್ಲಿ ಕಾಯುವುದು ನಷ್ಟದ ವ್ಯವಹಾರವಾದಂತಿದೆ. ಹೂವು ಮಕರಂದ ಕಡಿಮೆ ಮಾಡಿದಷ್ಟೂ ಉಳಿದ ಕೀಟಗಳಿಗೆ ಆಹಾರ ಕಡಿಮೆ, ಕೀಟಗಳು ಕಡಿಮೆಯಾದಷ್ಟೂ ಹೂವಿಗೆ ಕಾಯುವ ಕಾರಣ ಕಡಿಮೆ. ಹಳೆಯ ಬೀಜದ ಗಿಡಗಳನ್ನೂ ಹೊಸ ಬೀಜದ ಗಿಡಗಳನ್ನೂ ಅಕ್ಕಪಕ್ಕದಲ್ಲಿಟ್ಟು ದುಂಬಿಗಳನ್ನು ಬಿಟ್ಟಾಗ, ಅವು ಹೆಚ್ಚಾಗಿ ಹೋದದ್ದು ಹಳೆಯ ಹೂಗಳ ಕಡೆಗೆ.